ಟೈಲರಮ್ಮ ಕಲಿತ ಒಂದೇ ಒಂದು ಹಾಡು

ಟೈಲರಮ್ಮ ಎಲೆಕ್ಟ್ರಿಕ್ ಗಿಟಾರ್ ಹಿಡಿದದ್ದು ಐವತ್ತೊಂದನೇ ವಯಸ್ಸಿನಲ್ಲಿ. ಈ ವಯಸ್ಸಿನಲ್ಲಿ ಇವಳಿಗೇನು ಬಂತು ಶೋಕಿ ಎಂದು ಬೀದಿಯಲ್ಲಿ ಒಂದಿಬ್ಬರು ಆಡಿಕೊಂಡದ್ದೂ ಉಂಟು. ಆಡಿಕೊಳ್ಳುವವರ ಗಂಟೇನು ಹೋಗುತ್ತದೆ? ಅವಳು ಗಿಟಾರ್ ಹಿಡಿದದ್ದು ಗಂಡನ ಬಾಯಿಂದ ಒಂದು ಮಾತು ಹೊರಡಲಿ ಎಂದು.

ಗಂಡ ಲಿಫ್ಟ್ ಮೆಕ್ಯಾನಿಕ್. ಮೂವತ್ತು ವರ್ಷ ಎತ್ತರೆತ್ತರದ ಕಟ್ಟಡಗಳಲ್ಲಿ ಲಿಫ್ಟಿನ ಗುಂಡಿಗೆ ಇಳಿದು, ಮೈಗೆಲ್ಲ ಗ್ರೀಸು ಬಳಿದುಕೊಂಡು, ಹತ್ತನೇ ಮಹಡಿಯಲ್ಲಿ ನಿಂತವನಿಗೆ ಕೇಳುವ ಹಾಗೆ ಕೂಗಿ ಕೂಗಿ ಗಂಟಲು ಬೆಳೆಸಿಕೊಂಡವನು. ಅವನು ಗುಟ್ಟು ಹೇಳಿದರೆ ಪಕ್ಕದ ಮನೆಯವರು ಉತ್ತರ ಕೊಡುತ್ತಿದ್ದರು. ಅಂಥವನು ಒಂದು ಬೆಳಿಗ್ಗೆ ಹಲ್ಲುಜ್ಜುತ್ತ ನಿಂತಲ್ಲೇ ಕುಸಿದುಬಿದ್ದ. ಮೂರು ವಾರ ಕಳೆದು ಆಸ್ಪತ್ರೆಯಿಂದ ಮನೆಗೆ ಬಂದಾಗ ಬಲಗೈ ಜೋತುಬಿದ್ದಿತ್ತು, ಬಲಗಾಲು ನೆಲ ಎಳೆಯುತ್ತಿತ್ತು, ಬಾಯಲ್ಲಿ ಉಳಿದದ್ದು ಒಂದೇ ಮಾತು: "ಆಮೇಲೆ."

ನೋವಿದೆಯಾ ಎಂದರೂ ಆಮೇಲೆ, ಮಗಳ ಫೋನು ಬಂದಿದೆ ಎಂದರೂ ಆಮೇಲೆ. ಮೊದಲ ದಿನ ನೀರು ಬೇಕಾ ಎಂದು ಕೇಳಿದ ಟೈಲರಮ್ಮ ಅದನ್ನು ನಿಜವೆಂದುಕೊಂಡು ಲೋಟ ವಾಪಸು ಒಯ್ದಿದ್ದಳು. ಬಾಗಿಲ ಹತ್ತಿರ ಹೋಗಿ ತಿರುಗಿ ನೋಡಿದರೆ ಗಂಡನ ಕಣ್ಣಲ್ಲಿ ನೀರು ಇಳಿಯುತ್ತಿತ್ತು. ತಲೆಯೊಳಗೆ ಮಾತೆಲ್ಲ ಹಾಗೇ ಇದೆ, ಬಾಯಿಗೆ ಬರುವ ದಾರಿ ಕೆಟ್ಟಿದೆ, ಹಾಗಾಗಿ ಏನು ಹೇಳಹೊರಟರೂ ಆ ಒಂದೇ ಮಾತು ಹೊರಬೀಳುತ್ತದೆ ಎಂದು ಡಾಕ್ಟರು ವಿವರಿಸಿದರು. ಅಂದಿನಿಂದ ಅವಳು ಏನು ಕೇಳಿದರೂ ಅವನ ಕಣ್ಣು ನೋಡಿಯೇ ಉತ್ತರ ತಿಳಿದುಕೊಳ್ಳುವಳು. ತಿಳಿಯದೆ ಹೋದಾಗ ಇಬ್ಬರೂ ಸುಮ್ಮನೆ ಕೂರುವರು.

ಆಸ್ಪತ್ರೆಯಲ್ಲಿ ಮಾತು ಕಲಿಸುವ ಟೀಚರ್ ಒಬ್ಬಳಿದ್ದಳು. ಶನಿವಾರ ಶನಿವಾರ ತರಗತಿ. ಹಸು, ಕುರ್ಚಿ, ಚಮಚದ ಚಿತ್ರ ತೋರಿಸಿ ಹೇಳಿಸುವುದು. ಅವಳೇ ಒಂದು ದಿನ ಹೇಳಿದ್ದು:

"ಮೊದಲ ಆರು ತಿಂಗಳು ತುಂಬ ಮುಖ್ಯ ಅಮ್ಮ. ಆಮೇಲೂ ಬರುತ್ತೆ, ಬರಲ್ಲ ಅಂತಲ್ಲ. ಆದ್ರೆ ನಿಧಾನ ಆಗುತ್ತೆ."

ಟೀಚರ್ ಧೈರ್ಯ ತುಂಬಲಿಕ್ಕೆ ಹೇಳಿದ ಮಾತು ಅದು. ಟೈಲರಮ್ಮನ ಕಿವಿಗೆ ಬಿದ್ದದ್ದು ಆರು ತಿಂಗಳು ಎಂಬುದೊಂದೇ. ಮನೆಗೆ ಬಂದವಳೇ ಬಟ್ಟೆಗೆ ಗುರುತು ಹಾಕುವ ನೀಲಿ ಸೀಮೆಸುಣ್ಣದಿಂದ ಕ್ಯಾಲೆಂಡರಿನಲ್ಲಿ ಗೆರೆ ಎಳೆದಳು. ಆಗಲೇ ಹನ್ನೆರಡು ವಾರ ಕಳೆದಿತ್ತು. ಬೆಳಿಗ್ಗೆ ಎದ್ದ ಕೂಡಲೇ ಆ ಗೆರೆ ನೋಡುವಳು, ಉಳಿದ ವಾರಗಳನ್ನು ಬೆರಳಲ್ಲಿ ಎಣಿಸುವಳು. ಅದಕ್ಕಿಂತ ದೊಡ್ಡ ಭಯ ಇನ್ನೊಂದಿತ್ತು, ಅದನ್ನು ಮಗಳ ಹತ್ತಿರವೂ ಹೇಳಿಕೊಂಡಿರಲಿಲ್ಲ. ಗಂಡ ತನ್ನನ್ನು ಕರೆಯುತ್ತಿದ್ದ ದನಿ ಹೇಗಿತ್ತೆಂದು ನೆನಪಿಗೆ ತಂದುಕೊಳ್ಳಲು ಹೋದರೆ ಕೆಲವು ಸಲ ಅದು ಬರುತ್ತಿರಲಿಲ್ಲ. ಪಕ್ಕದಲ್ಲೇ ಕೂತಿರುವ ಮನುಷ್ಯನ ದನಿ ಮರೆತುಹೋಗುವುದೆಂದರೇನು! ಬಟ್ಟೆ ಕತ್ತರಿಸುತ್ತಿದ್ದವಳು ಕತ್ತರಿ ಕೆಳಗಿಟ್ಟು ಹಾಗೇ ಕೂತುಬಿಡುವಳು.

ಮಾತು ಹೋದವರಿಗೂ ಕೆಲವರಿಗೆ ಬಾಯಿಪಾಠವಾದ ಹಾಡು ಬರುತ್ತದೆ, ಇವರಿಗೆ ಅಂಥದ್ದು ಯಾವುದಾದರೂ ಇದೆಯೇ ಎಂದು ಟೀಚರ್ ಕೇಳಿದಳು.

ಇಲ್ಲದೆ ಏನು! ಮದುವೆಗೆ ಮುಂಚಿನಿಂದಲೂ ಗಂಡನಿಗೆ ಗಿಟಾರಿನ ಹುಚ್ಚು. ಕಾರ್ಖಾನೆ, ವರ್ಕ್‌ಶಾಪಿನ ನಾಲ್ಕು ಜನ ಸೇರಿ ಕಟ್ಟಿಕೊಂಡ ಒಂದು ಬ್ಯಾಂಡು. ಅವರಿಗೆ ಸರಿಯಾಗಿ ಬರುತ್ತಿದ್ದದ್ದು ಒಂದೇ ಹಾಡು. ಆ ಹಾಡು ಮಾತ್ರ ಲೋಕಕ್ಕೆಲ್ಲ ಗೊತ್ತಿರುವಂಥದ್ದು. ಗಿಟಾರಿನ ದಪ್ಪ ತಂತಿಗಳ ಮೇಲೆ ಮೊದಲಿಗೊಂದು ಪುಟ್ಟ ತುಣುಕು, ಅದೇ ಮತ್ತೆ ಮತ್ತೆ ಸುತ್ತಿ ಬರುತ್ತದೆ. ಮೊಬೈಲ್ ಅಂಗಡಿಯಲ್ಲಿ, ಆಟದ ಮೈದಾನದ ಮೈಕಿನಲ್ಲಿ, ಎಲ್ಲಿ ಕೇಳಿದರೂ ಜನ ತಲೆ ಕುಣಿಸುತ್ತಾರೆ. ಅದರ ಇಂಗ್ಲಿಷ್ ಸಾಲುಗಳ ಅರ್ಥ ಗಂಡನಿಗೂ ಅರ್ಧಂಬರ್ಧ. ಹಾಗಂತ ಹಾಡುವಾಗ ಒಂದು ಅಕ್ಷರ ತಪ್ಪಿದವನಲ್ಲ.

ಮೊಬೈಲಿನಲ್ಲಿ ಆ ಹಾಡು ಹಾಕಿ ನೋಡಿದರು. ಗಂಡ ತುಟಿ ಅಲುಗಿಸಿದ. ಅಷ್ಟರಲ್ಲಿ ಹಾಡು ಮುಂದೆ ಹೋಗಿಯಾಗಿತ್ತು. ಮತ್ತೆ ಹಿಡಿಯಲು ನೋಡಿದ, ಅದು ಇನ್ನೂ ಮುಂದೆ. ಕೊನೆಗೆ ಎಡಗೈಯಿಂದ ಮೊಬೈಲ್ ತಳ್ಳಿ ಗೋಡೆಯ ಕಡೆ ಮುಖ ಮಾಡಿಕೊಂಡ.

"ರೆಕಾರ್ಡು ಯಾರಿಗೂ ಕಾಯಲ್ಲ ಅಮ್ಮ," ಎಂದಳು ಟೀಚರ್. "ಎದುರಿಗೆ ಕೂತು ಬಾರಿಸೋರಿದ್ರೆ, ಇವರು ಎಲ್ಲಿ ನಿಲ್ತಾರೋ ಅಲ್ಲಿ ಕಾಯ್ತಾರೆ. ದಿನಾ ಕೂರೋಕಾಗೋ ಮನೆಯವರೇ ಆದ್ರೆ ಒಳ್ಳೇದು."

ಮನೆಯವರೆಂದರೆ ಮನೆಯಲ್ಲಿದ್ದದ್ದು ಟೈಲರಮ್ಮ ಒಬ್ಬಳೇ. ಮಗಳು ದೂರದೂರಿನಲ್ಲಿ ಕೆಲಸಕ್ಕಿದ್ದಳು.

ಇಲ್ಲಿ ಹೊಲಿಗೆ ಮಿಷನ್ನಿನ ವಿಷಯ ಹೇಳಲೇಬೇಕು. ಟೈಲರಮ್ಮ ಹದಿನೈದನೇ ವಯಸ್ಸಿನಿಂದ ಕಾಲಲ್ಲಿ ತುಳಿಯುವ ಒಂದೇ ಮಿಷನ್ನಿನ ಮುಂದೆ ಕೂತವಳು. ಹೊಸಬರು ಚಕ್ರಕ್ಕೆ ಕೈ ಕೊಟ್ಟು ಓಡಿಸುತ್ತಾರೆ, ಇವಳು ಕಾಲ ಹೆಬ್ಬೆರಳಿನ ಒಂದು ಒತ್ತಿನಲ್ಲೇ ಹೊರಡಿಸುವಳು. ಕರೆಂಟಿನ ಮೋಟಾರ್ ಹಾಕಿಕೊಡುತ್ತೇನೆ, ಸದ್ದು ಕಮ್ಮಿಯಾಗುತ್ತದೆ ಎಂದು ಗಂಡ ಹತ್ತು ಸಲ ಹೇಳಿದ್ದ. "ನನ್ನ ಕಾಲಿಗಿಲ್ಲದ ತೊಂದ್ರೆ ನಿಮ್ಮ ಕಿವಿಗೇನ್ರೀ?" ಎಂದು ಹತ್ತು ಸಲವೂ ಬೇಡವೆಂದಿದ್ದಳು. ಇದ್ದದ್ದು ಒಂದೇ ಹಜಾರ. ಸಂಜೆಯಾದರೆ ಒಂದು ಮೂಲೆಯಲ್ಲಿ ಅವನ ಗಿಟಾರು, ಇನ್ನೊಂದು ಮೂಲೆಯಲ್ಲಿ ಇವಳ ಮಿಷನ್ನಿನ ಖಟಖಟ. ಅವನು ಕೂಗುವನು, ಇವಳು ನಿಲ್ಲಿಸಲ್ಲ ಏನ್ಮಾಡ್ತೀರಿ ಎನ್ನುವಳು. ಇಪ್ಪತ್ತಾರು ವರ್ಷ ಇದೇ ಸಂಸಾರ.

ಗಂಡ ಆಸ್ಪತ್ರೆಯಿಂದ ಬರುವ ಹಿಂದಿನ ದಿನ ಅವಳು ಮಾಡಿದ ಮೊದಲ ಕೆಲಸವೆಂದರೆ ಆ ಮಿಷನ್ನನ್ನು ಎತ್ತಿಸಿ ಸಾಗಿಸಿದ್ದು. ಹಿತ್ತಿಲಾಚೆ ಸಾಮಾನು ತುಂಬುವ ಒಂದು ಸಣ್ಣ ಕೋಣೆಯಿತ್ತು, ಅಲ್ಲಿಗೆ. ಅವರಿಗೆ ಸದ್ದಾಗಬಾರದು, ತಲೆಗೆ ತ್ರಾಸಾಗಬಾರದು. ಪಾತ್ರೆ ತೊಳೆಯುವಾಗಲೂ ಚಮಚ ತಾಗದ ಹಾಗೆ ತೊಳೆಯುವಳು. ಕುಕ್ಕರ್ ಸೀಟಿ ಹೊಡೆದರೆ ಓಡಿಹೋಗಿ ಗಂಡನ ಮುಖ ನೋಡುವಳು. ಮನೆಯಲ್ಲಿ ಉಸಿರಾಡಿದರೆ ಕೇಳಬೇಕು, ಅಷ್ಟು ಮೌನ.

ಗಿಟಾರ್ ಕಲಿಸಲು ಬಂದವನು ಹಳೇ ಬ್ಯಾಂಡಿನ ಡಬ್ಬಣ್ಣ. ಶಾಲೆಯ ಬಸ್ಸು ಓಡಿಸುತ್ತಿದ್ದ. ಡ್ರಮ್ ಬಾರಿಸುವವನು. ಡ್ರಮ್ ಇಲ್ಲದಿದ್ದರೆ ಡಬ್ಬ, ಡಬ್ಬವೂ ಇಲ್ಲದಿದ್ದರೆ ತನ್ನದೇ ತೊಡೆ, ಹಾಗಾಗಿ ಆ ಹೆಸರು.

"ಅತ್ತಿಗೆ, ನಂಗೂ ಗಿಟಾರ್ ಬರಲ್ಲ," ಎಂದ. "ಆದ್ರೆ ಇಪ್ಪತ್ತು ವರ್ಷ ಅವ್ನ ಬೆರಳು ನೋಡಿದ್ದೀನಿ. ಎಲ್ಲಿಡ್ತಿದ್ದ ಅಂತ ಕಣ್ಣು ಮುಚ್ಕೊಂಡು ಹೇಳ್ತೀನಿ."

"ಬರದೇ ಇರೋರು ಬರದೇ ಇರೋರಿಗೆ ಕಲಿಸೋದು! ಚೆನ್ನಾಗಿದೆ ಕಣಪ್ಪ ನಮ್ಮ ಸ್ಕೂಲು."

ಅಟ್ಟದಿಂದ ಇಳಿಸಿದ ಕೆಂಪು ಗಿಟಾರು ನೋಡಲು ತೆಳ್ಳಗೆ, ಎತ್ತಿದರೆ ಕಲ್ಲು. ಸ್ಪೀಕರ್ ಪೆಟ್ಟಿಗೆಗೆ ವೈರು ಚುಚ್ಚಿ ಸ್ವಿಚ್ ಹಾಕಿದ ಕೂಡಲೇ ಗುಂಯ್ ಎಂದು ಗುರುಗುಟ್ಟಿತು. ಅವಳು ಬೆಚ್ಚಿ ಇನ್ನೇನು ಗಿಟಾರನ್ನು ಮಡಿಲಿಂದ ಜಾರಿಸಿಯೇಬಿಡುತ್ತಿದ್ದಳು. ಗಂಡನಿಗೆ ತ್ರಾಸಾಗಬಾರದೆಂದು ಅವತ್ತಿಂದ ವೈರು ತೆಗೆದೇ ಕಲಿತಳು. ತಂತಿ ಮೀಟುವ ಪ್ಲಾಸ್ಟಿಕ್ ಬಿಲ್ಲೆ ಎಲ್ಲೋ ಕಳೆದುಹೋಗಿತ್ತು. ಅಂಗಿಯ ಕಾಲರಿನೊಳಗೆ ಗಟ್ಟಿಯಾಗಿ ನಿಲ್ಲಲೆಂದು ತೂರಿಸುವ ಪಟ್ಟಿಯನ್ನೇ ಕತ್ತರಿಸಿ ಬಿಲ್ಲೆ ಮಾಡಿಕೊಂಡಳು. ಬೆರಳಿಡಬೇಕಾದ ಜಾಗಕ್ಕೆಲ್ಲ ಸೀಮೆಸುಣ್ಣದ ಗುರುತು: ತೋರುಬೆರಳಿಗೆ ಬಿಳಿ, ನಡುಬೆರಳಿಗೆ ನೀಲಿ, ಉಂಗುರಬೆರಳಿಗೆ ಕೆಂಪು. ಗಿರಾಕಿಗಳ ಎದೆ, ತೋಳು, ಉದ್ದ ಬರೆಯುವ ಅಳತೆಯ ಪುಸ್ತಕದ ಕೊನೇ ಹಾಳೆಯಲ್ಲಿ ಹಾಡನ್ನೂ ಬರೆದುಕೊಂಡಳು. ಗಿಟಾರಿನ ಕತ್ತಿನ ಮೇಲೆ ಎರಡೆರಡು ಪಟ್ಟಿಗಳ ನಡುವಿನ ಜಾಗಕ್ಕೆ ಒಂದೊಂದು ಮನೆ ಎಂದು ಲೆಕ್ಕ: ಆರನೇ ತಂತಿ ಮೂರನೇ ಮನೆ, ಐದನೇ ತಂತಿ ಐದನೇ ಮನೆ. ಸೂಜಿ ತಳ್ಳಿ ತಳ್ಳಿ ಗಟ್ಟಿಯಾಗಿದ್ದದ್ದು ಬಲಗೈ ಬೆರಳು, ತಂತಿ ಒತ್ತಬೇಕಾದದ್ದು ಎಡಗೈ. ನಾಲ್ಕೇ ದಿನಕ್ಕೆ ಬೆರಳ ತುದಿ ಬೊಬ್ಬೆಯೆದ್ದು ಒಡೆಯಿತು. ಟೇಪು ಸುತ್ತಿಕೊಂಡು ಕೂತಳು.

ಜಾಗಗಳೇನೋ ಬಂದವು. ತಾಳ ಬರಲಿಲ್ಲ. ಡಬ್ಬಣ್ಣ ಸ್ಟೂಲಿನ ಮೇಲೆ ತಟ್ಟುವನು, ಇವಳು ಒಮ್ಮೆ ಅವನಿಗಿಂತ ಮುಂದೆ, ಒಮ್ಮೆ ಹಿಂದೆ.

"ಅತ್ತಿಗೆ, ಬಸ್ಸು ಸ್ಟಾಪಲ್ಲಿ ನಿಂತ್ಮೇಲೆ ಇಳೀಬೇಕು. ನೀವು ಓಡ್ತಿರೋವಾಗ್ಲೇ ಹಾರ್ತಿದ್ದೀರಿ."

ಹದಿನೈದನೇ ವಾರ ಹೋಯಿತು, ಹದಿನಾರೂ ಹೋಯಿತು. ಒಂದು ಮಧ್ಯಾಹ್ನ ಗಂಡ ಮಲಗಿದ್ದಾಗ ಅವನಿಗೆ ಕೇಳಿಸದಿರಲಿ ಎಂದು ಹಿತ್ತಿಲ ಕೋಣೆಗೆ ಗಿಟಾರ್ ಒಯ್ದಳು. ಕೂರಲು ಅಲ್ಲಿದ್ದದ್ದು ಮಿಷನ್ನಿನ ಮುಂದಿನ ಸ್ಟೂಲು ಮಾತ್ರ. ಕೂತಳು. ಕೂತದ್ದೇ ತಡ, ಕಾಲು ತಾನಾಗಿ ಕೆಳಗಿನ ಪೆಡಲಿನ ಮೇಲೆ ಹೋಯಿತು. ಖಟಖಟ ಖಟಖಟ. ಆ ತುಳಿತದ ತಾಳಕ್ಕೆ ತಂತಿ ಮೀಟಿದಳು, ಹಾಡಿನ ಆ ತುಣುಕು ಒಂದು ಸುತ್ತು ತಪ್ಪದೆ ಬಂತು. ಎರಡನೇ ಸುತ್ತೂ ಬಂತು. ಸೂಜಿ ಬಿಚ್ಚಿಟ್ಟು, ಬಟ್ಟೆ ಒತ್ತುವ ಪಾದ ಮೇಲೆತ್ತಿ, ದಿನಾ ಮಧ್ಯಾಹ್ನ ಬರೀ ಮಿಷನ್ ತುಳಿಯುತ್ತ ಬಾರಿಸತೊಡಗಿದಳು. ಐದು ವಾರದಲ್ಲಿ ಹಾಡು ಮೊದಲಿನಿಂದ ಕೊನೆಯವರೆಗೆ ಕೈಗೆ ಕೂತಿತು. ಕಾಲಿನ ಗುಟ್ಟು ಡಬ್ಬಣ್ಣನಿಗೂ ಹೇಳಲಿಲ್ಲ. ಕೇಳಿದರೆ ನಗುತ್ತಾನೆ ಎಂಬ ಸಂಕೋಚ.

ಇಪ್ಪತ್ತೆರಡನೇ ವಾರದ ಶನಿವಾರ ಗಿಟಾರ್ ತರುತ್ತೇನೆ ಎಂದು ಟೀಚರಿಗೆ ಮಾತು ಕೊಟ್ಟಳು. ಆರು ತಿಂಗಳಿಗೆ ಇನ್ನು ನಾಲ್ಕೇ ವಾರ. ಆ ಬೆಳಿಗ್ಗೆ ಗಂಡನ ಅಂಗಿಯ ಗುಂಡಿ ಹಾಕುವಾಗ ಒಂದು ಗುಂಡಿ ತಪ್ಪಿಸಿ ಹಾಕಿದಳು. ಮೂವತ್ತಾರು ವರ್ಷ ಗುಂಡಿ ಹೊಲಿದವಳು!

ತರಗತಿಯಲ್ಲಿ ಐದಾರು ರೋಗಿಗಳು, ಅವರ ಹೆಂಡತಿಯರು, ಅಣ್ಣತಮ್ಮಂದಿರು. ಗೋಡೆಗೆ ಹಸುವಿನ ಚಿತ್ರ. ಇವಳಿಗೆ ಒಂದು ಪ್ಲಾಸ್ಟಿಕ್ ಕುರ್ಚಿ ಕೊಟ್ಟರು. ಡಬ್ಬಣ್ಣ ವೈರು ಚುಚ್ಚಿದ. ಗಂಡ ಎದುರಿಗೆ ಕೂತು, ತನ್ನ ಕೆಂಪು ಗಿಟಾರನ್ನೂ ಅದನ್ನು ತಬ್ಬಿ ಕೂತ ಹೆಂಡತಿಯನ್ನೂ ಕಣ್ಣು ಕಿಸಿದು ನೋಡಿದ. ಅವಳು ಬಿಲ್ಲೆ ಎತ್ತಿದಳು. ಕಾಲು ನೆಲದ ಮೇಲೆ ಪೆಡಲನ್ನು ಹುಡುಕಿತು. ನುಣ್ಣನೆಯ ಟೈಲ್ಸು, ಏನೂ ಇಲ್ಲ. ಮೊದಲ ಸ್ವರ ಬಂತು, ಎರಡನೆಯದು ಬಂತು, ಮೂರನೆಯದಕ್ಕೆ ಕೈ ಮರಗಟ್ಟಿತು. ಮತ್ತೆ ಶುರುಮಾಡಿದಳು, ಮತ್ತೆ ಅಲ್ಲೇ ನಿಂತಳು. ಯಾರೋ ಕೆಮ್ಮಿದರು. ಇನ್ನೊಬ್ಬರ ಹೆಂಡತಿ ಪಾಪ ಎಂದು ಮೆಲ್ಲಗೆ ಅಂದದ್ದು ಕಿವಿಗೆ ಬಿತ್ತು.

ಗಂಡ ಎಡಗೈ ಚಾಚಿ ಅವಳ ಮೊಣಕಾಲ ಮೇಲಿಟ್ಟ. "ಆಮೇಲೆ," ಎಂದ. ಬಹುಶಃ ಸಮಾಧಾನ ಹೇಳಿದ. ಅದು ಅವಳನ್ನು ಇನ್ನಷ್ಟು ಕೊಂದಿತು.

ವಾಪಸು ಬರುವಾಗ ಖಾಲಿ ಶಾಲಾ ಬಸ್ಸಿನಲ್ಲಿ ಗಂಡನನ್ನು ಹಿಂದಿನ ಸೀಟಿನಲ್ಲಿ ಮಲಗಿಸಿ, ಅವಳು ಡ್ರೈವರಿನ ಹಿಂದೆ ಕೂತು ಸೆರಗಲ್ಲಿ ಮುಖ ಮುಚ್ಚಿಕೊಂಡಳು.

"ನನ್ನಿಂದ ಆಗ್ಲಿಲ್ಲ ಡಬ್ಬಣ್ಣ. ಅವ್ರಿಗೆ ಮಾತು ಬರ್ದೇ ಹೋದ್ರೆ ಅದು ನನ್ನ ಕೈಯಿಂದ್ಲೇ ಆದಂಗೆ."

"ಬಾಯಿಗೆ ಬಂದಂಗೆ ಮಾತಾಡ್ಬೇಡಿ." ಅವನು ಸಿಗ್ನಲಿನಲ್ಲಿ ನಿಂತಾಗ ಕನ್ನಡಿಯಲ್ಲಿ ಅವಳನ್ನು ನೋಡಿದ. "ಒಂದು ಮಾತು ಕೇಳ್ತೀನಿ, ಬೇಜಾರಾಗ್ಬೇಡಿ. ಅಲ್ಲಿ ನಿಮ್ಮ ಕಾಲು ಯಾಕೆ ಹಂಗೆ ತಡಕಾಡ್ತಿತ್ತು? ನಾನು ಡ್ರಮ್ಮಿನವ್ನು, ನಂಗೆ ಮೊದ್ಲು ಕಾಣೋದು ಕಾಲೇ."

ಆಗ ಹೇಳಿದಳು. ಡಬ್ಬಣ್ಣ ನಗಲಿಲ್ಲ. ಹಿಂದಿನಿಂದ ಹಾರ್ನ್ ಹೊಡೆದರೂ ಬಸ್ಸು ಹೊರಡಿಸಲಿಲ್ಲ.

"ಅಯ್ಯೋ ಅತ್ತಿಗೆ, ಮೊದ್ಲೇ ಹೇಳೋದಲ್ವಾ! ಆ ಮಿಷನ್ನೇ ನಿಮ್ಮ ಡ್ರಮ್ಮು. ನಾಳೆ ಅದನ್ನ ಎತ್ತಿ ಹಜಾರಕ್ಕೆ ತಂದಿಡ್ತೀನಿ."

"ಬೇಡಪ್ಪಾ! ಆ ಸದ್ದಿಗೆ ಅವ್ರ ಬೀಪಿ ಏರಿ ಮತ್ತೊಂದ್ಸಲ ಏನಾದ್ರೂ ಆದ್ರೆ?"

ಬೇಡವೆಂದರೂ ಮನಸ್ಸು ಕೇಳಲಿಲ್ಲ. ಮನೆಗೆ ಬಂದು ಟೀಚರಿಗೆ ಫೋನ್ ಮಾಡಿದಳು. ಟೀಚರ್ ಕೇಳಿದಳು: "ಅಮ್ಮ, ಮನೇಲಿ ಮೊದಲು ಆ ಸದ್ದು ಇತ್ತಾ?"

"ಇತ್ತಾ ಅಂದ್ರೆ! ಇಪ್ಪತ್ತಾರು ವರ್ಷ ಇತ್ತು."

"ಮತ್ತೆ ಯಾಕೆ ತೆಗೆದ್ರಿ? ಡಾಕ್ಟ್ರು ತೆಗೀರಿ ಅಂದ್ರಾ?"

ಯಾರೂ ಅಂದಿರಲಿಲ್ಲ. ಹೆದರಿ ತಾನಾಗಿ ತೆಗೆದದ್ದು. ಟೀಚರ್ ಡಾಕ್ಟರನ್ನೂ ಕೇಳಿ ಹೇಳಿದಳು, ಏನೂ ತೊಂದರೆಯಿಲ್ಲ, ಇಡಿ ಎಂದು.

ಭಾನುವಾರ ಮಧ್ಯಾಹ್ನ ಡಬ್ಬಣ್ಣ ಮಿಷನ್ ಹೊತ್ತು ತಂದು ಹಳೇ ಮೂಲೆಯಲ್ಲೇ ಇಟ್ಟ. ಅದರ ನಾಲ್ಕು ಕಾಲು ನೆಲದಲ್ಲಿ ಒತ್ತಿ ಮೂಡಿಸಿದ್ದ ಗುಳಿಗಳು ಇನ್ನೂ ಹಾಗೇ ಇದ್ದವು. ಗಂಡ ಮಂಚದ ಮೇಲೆ ದಿಂಬಿಗೆ ಒರಗಿದ್ದ. ಟೈಲರಮ್ಮ ಸ್ಟೂಲಿನ ಮೇಲೆ ಕೂತು ಗಿಟಾರನ್ನು ಮಡಿಲಿಗೆಳೆದುಕೊಂಡಳು. ಕಣ್ಣು ಗಂಡನ ಮುಖದ ಮೇಲಿಟ್ಟು ಪೆಡಲ್ ಒತ್ತಿದಳು.

ಖಟಖಟ ಖಟಖಟ. ಅದರ ಮೇಲೆ ಹಾಡು. ಡಬ್ಬಣ್ಣ ಬಾಗಿಲ ಚೌಕಟ್ಟಿನ ಮೇಲೆ ಬೆರಳಾಡಿಸತೊಡಗಿದ. ಮೊದಲ ಸುತ್ತು ಮುಗಿಯಿತು. ಗಂಡ ಅಲುಗಲಿಲ್ಲ. ಎರಡನೆಯದರಲ್ಲಿ ಅವನು ಹಾಡಲು ಶುರುಮಾಡಬೇಕಾದ ಜಾಗ ಬಂತು. ಅವಳು ಬಾರಿಸಿದ ತುಣುಕನ್ನೇ ಮತ್ತೆ ಬಾರಿಸುತ್ತ ಕಾದಳು. ಅವನ ತುಟಿ ಅಲುಗಲಿಲ್ಲ. ಇನ್ನೊಂದು ಸುತ್ತು ಕಾದಳು. ಗಂಡನ ಹುಬ್ಬು ಗಂಟಿಕ್ಕಿತು. ಮುಖ ಕೆಂಪೇರಿತು. ಕುತ್ತಿಗೆಯ ನರ ಉಬ್ಬಿತು. ಆಯಿತು, ತಾನು ಹೆದರಿದ್ದೇ ಆಯಿತು, ಮತ್ತೆ ಬಂತು ಅವರಿಗೆ. ಅವನ ಎಡಗೈ ಮಂಚದ ಪಟ್ಟಿಯ ಮೇಲೆ ದಪ್ಪೆಂದು ಬಿತ್ತು.

"ನಿಲ್ಸೇ ಆ ಮಿಷನ್ನ!"

ಹತ್ತನೇ ಮಹಡಿಗೆ ಕೇಳುವ ದನಿ. ಗೋಡೆಯ ಕ್ಯಾಲೆಂಡರು ಅಲ್ಲಾಡಿತೋ ಏನೋ, ಟೈಲರಮ್ಮನಿಗೆ ಹಾಗೆನ್ನಿಸಿತು. ಇಪ್ಪತ್ತಾರು ವರ್ಷ ದಿನಾ ಸಂಜೆ ಕೂಗಿದ್ದು ಇದೇ ಮಾತು, ಇದೇ ದನಿ. ಇದನ್ನೇ ಅವಳು ಕಳೆದುಕೊಂಡು ಹುಡುಕುತ್ತಿದ್ದದ್ದು. ಇಪ್ಪತ್ತಾರು ವರ್ಷದಲ್ಲಿ ಮೊದಲ ಸಲ, ಹೇಳಿದ ಕೂಡಲೇ ಮಿಷನ್ ನಿಲ್ಲಿಸಿದಳು.

"ಏನಂದ್ರಿ? ರೀ, ಏನಂದ್ರಿ? ಇನ್ನೊಂದ್ಸಲ ಅನ್ನಿ!"

ಗಂಡ ತನ್ನ ಬಾಯಿಂದ ಬಂದದ್ದಕ್ಕೆ ತಾನೇ ದಂಗಾಗಿ ಕೂತಿದ್ದ. ಬಾಯಿ ತೆರೆದ. ತುಟಿ ನಡುಗಿತು, ಗಂಟಲು ಏರಿಳಿಯಿತು. ಎಷ್ಟೋ ಹೊತ್ತು ಒದ್ದಾಡಿ ಕೊನೆಗೆ, "ಆಮೇಲೆ," ಎಂದ. ಕಣ್ಣು ತುಂಬಿ ಬಂತು.

ಡಬ್ಬಣ್ಣ ಬಾಗಿಲಿಗೆ ಆತುಕೊಂಡು ಮುಖ ಆಚೆ ತಿರುಗಿಸಿದ. ಟೈಲರಮ್ಮ ಗಂಡನನ್ನೇ ನೋಡಿದಳು. ಕೇಳಿದರೆ ಬರುವುದಿಲ್ಲ ಅದು. ಗಿಟಾರನ್ನು ಮೆಲ್ಲನೆ ಗೋಡೆಗೆ ಒರಗಿಸಿಟ್ಟಳು. ಅಂಗೈಯಿಂದ ಕಣ್ಣೊರೆಸಿಕೊಂಡು ಸ್ಟೂಲನ್ನು ಮುಂದಕ್ಕೆಳೆದುಕೊಂಡಳು. ದಾರವಿಲ್ಲ, ಸೂಜಿಯಿಲ್ಲ, ಬಟ್ಟೆಯಿಲ್ಲ. ಎರಡೂ ಕಾಲು ಪೆಡಲಿನ ಮೇಲಿಟ್ಟು, ಇದ್ದಬದ್ದ ಶಕ್ತಿಯೆಲ್ಲ ಹಾಕಿ ತುಳಿದಳು.

ಖಟಖಟ ಖಟಖಟ ಖಟಖಟ.

"ನಿಲ್ಸೇ!" ಎಂದಿತು ಮಂಚ. "ನಿಲ್ಸೇ ಅಂದ್ರೆ!"

"ನಿಲ್ಸಲ್ಲ," ಎಂದಳು ಟೈಲರಮ್ಮ. ಅವಳ ದನಿ ಒಡೆದಿತ್ತು. "ನಿಲ್ಸಲ್ಲ, ಏನ್ಮಾಡ್ತೀರಿ?"

ತುಳಿಯುತ್ತಲೇ ಇದ್ದಳು.